ಬಣ್ಣ ಹೊಸದು, ಮಾಲು ಹಳೆಯದು!

ರವಿವಾರ ಪೇಟೆಯಲ್ಲಿ ಜೋಳ ಕೊಳ್ಳುವವನು ಚೀಲದ ಅಂದ ನೋಡಿ ರೊಕ್ಕ ಎಣಿಸುವುದಿಲ್ಲ. ಚೀಲದೊಳಗೆ ಕೈ ಹಾಕುತ್ತಾನೆ, ಅಂಗೈ ಮೇಲೆ ಕಾಳು ಹರವುತ್ತಾನೆ, ಒಂದೆರಡು ಬಾಯಿಗೂ ಹಾಕಿಕೊಳ್ಳುತ್ತಾನೆ. ಅದೇ ಗಿರಾಕಿ ತನ್ನ ಹಳೆಯ ಅಂಬಾಸಿಡರಿಗೋ ಜೀಪಿಗೋ ‘ರೀಬಿಲ್ಟ್’ ಕಾರ್ಬುರೇಟರ್ ಕೊಳ್ಳುವಾಗ ಮಾತ್ರ ಹೊರಗಿನ ಹೊಳಪಿಗೆ ಮರುಳಾಗುತ್ತಾನೆ. “ಹೊಸಾದ್ರಂಗ ಆಗೇತಿ ನೋಡ್ರಿ ಮಾಲಕ್ರ” ಎಂಬ ಬಾಯಿಮಾತೇ ಅವನಿಗೆ ಬಿಲ್ಲು, ಅದೇ ಗ್ಯಾರಂಟಿ!

ಹಳೆಯ ಕಾರ್ಬುರೇಟರಿಗೆ ಗಿರಾಕಿ ಇರುವುದಕ್ಕೆ ಕಾರಣವಿದೆ. ಅಂಬಾಸಿಡರ್ ಮತ್ತು ಮಾರುತಿ 800 ತಯಾರಿಕೆ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಎಷ್ಟೋ ಮೊದಲೇ ಹೋಯಿತು. 2020ರ ಏಪ್ರಿಲ್ 1ರಂದು ಬಿಎಸ್-6 ಜಾರಿಗೆ ಬಂದ ಮೇಲೆ ಬಹುತೇಕ ಹೊಸ ಸ್ಕೂಟರು, ಮೋಟಾರ್ ಸೈಕಲ್ಲುಗಳೂ ಕಾರ್ಬುರೇಟರ್ ಬಿಟ್ಟು ಇಂಜೆಕ್ಷನ್ ಹಿಡಿದವು. ಆದರೆ ಅಪ್ಪನ ಕಾಲದ ಗಾಡಿಯನ್ನು ಮಾರಲು ಮನಸ್ಸಾಗದವರು, ಹಬ್ಬಕ್ಕೆ ತೊಳೆದು ಪೂಜೆ ಮಾಡಿ ಒಂದು ಸುತ್ತು ಹೊಡೆಯುವವರು ಇದ್ದೇ ಇದ್ದಾರೆ. ಅವರಿಗೆ ಬೇಕಾದ್ದು ಹಳೆಯದನ್ನೇ ಬಿಚ್ಚಿ ಕಟ್ಟಿದ ಮಾಲು. ಇದರಲ್ಲಿ ತಪ್ಪೇನೂ ಇಲ್ಲ.

ತಪ್ಪಿರುವುದು ‘ಕಟ್ಟಿದ್ದು’ ಎಂಬ ಮಾತಿನಲ್ಲಿ. ಬಲ್ಲ ಮಿಸ್ತ್ರಿ ಕಾರ್ಬುರೇಟರನ್ನು ಪೂರ್ತಿ ಬಿಚ್ಚುತ್ತಾನೆ. ಸವೆದ ಜೆಟ್, ಫ್ಲೋಟಿನ ಸೂಜಿ, ಪಂಪಿನ ಡಯಾಫ್ರಾಮ್, ಗ್ಯಾಸ್ಕೆಟ್ ಬದಲಿಸುತ್ತಾನೆ. ಥ್ರಾಟಲ್ ಶಾಫ್ಟ್ ಅಲುಗಾಡುತ್ತಿದ್ದರೆ ಲೇಥಿಗೆ ಕೊಟ್ಟು ಬುಶ್ ಹಾಕಿಸುತ್ತಾನೆ. ಉದ್ಯಮಬಾಗದಂಥ ಕೈಗಾರಿಕಾ ವಸಾಹತು ಇರುವ ಬೆಳಗಾವಿಗೆ ಅದೇನು ದೊಡ್ಡ ಕೆಲಸವಲ್ಲ. ಇನ್ನೊಬ್ಬನದು ಬೇರೆ ದಾರಿ: ಸೀಮೆಎಣ್ಣೆಯಲ್ಲಿ ಅದ್ದು, ತಂತಿ ಬ್ರಷ್ಷಿನಿಂದ ತಿಕ್ಕು, ಬೆಳ್ಳಿ ಬಣ್ಣ ಹೊಡೆ, ಮಾರು! ಒಳಗಿನ ಸವೆತ ಹಾಗೇ ಉಳಿಯಿತು. ಶಾಫ್ಟಿನ ಸಂದಿಯಿಂದ ಗಾಳಿ ನುಗ್ಗಿ ಇಂಜಿನ್ ತೊದಲುತ್ತದೆ. ಸೂಜಿ ಸರಿಯಾಗಿ ಕೂಡದಿದ್ದರೆ ಪೆಟ್ರೋಲ್ ತುಂಬಿ ಹೊರಗೆ ಸುರಿಯುತ್ತದೆ. ಹಳೆಯ ಅಂಬಾಸಿಡರಿನಲ್ಲಿ ಕಾರ್ಬುರೇಟರ್ ಕೂತಿರುವುದೇ ಹೊಗೆ ಹೋಗುವ ಬಿಸಿ ಮ್ಯಾನಿಫೋಲ್ಡಿನ ಮೇಲ್ಗಡೆ. ಅಲ್ಲಿ ಪೆಟ್ರೋಲ್ ತೊಟ್ಟಿಕ್ಕಿದರೆ ನಷ್ಟ ರೊಕ್ಕದ್ದಷ್ಟೇ ಅಲ್ಲ, ಜೀವದ್ದು.

ಈಗ ಇನ್ನೊಂದು ತೊಡಕು ಸೇರಿದೆ. 2025ರಿಂದ ದೇಶದ ಬಂಕುಗಳಲ್ಲೆಲ್ಲ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್. ಈ ಜಿಲ್ಲೆಯ ಕಬ್ಬಿನಿಂದಲೂ ಎಥನಾಲ್ ಆಗುತ್ತದೆ; ರೈತನಿಗೆ ಒಳ್ಳೆಯದೇ. ಆದರೆ ಎಥನಾಲ್ ನೀರಿನ ಪಸೆ ಎಳೆದುಕೊಳ್ಳುತ್ತದೆ, ಹಳೆಯ ನಮೂನೆಯ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ, ನಿಂತ ಗಾಡಿಯ ಕಾರ್ಬುರೇಟರಿನೊಳಗೆ ಕಿಲುಬು ಹಿಡಿಸುತ್ತದೆ. ಎಥನಾಲ್ ತಾಳುವ ರಬ್ಬರ್ ಹಾಕದೆ ಕಟ್ಟಿದ ಮಾಲು ಹೆಚ್ಚು ದಿನ ಬಾಳುವುದಿಲ್ಲ.

ಮೋಸ ಹೋಗುವವನು ಗಿರಾಕಿ ಒಬ್ಬನೇ ಅಲ್ಲ. ಸಾಮಾನು ಬದಲಿಸಿ, ಲೇಥಿನ ಕೂಲಿ ಕೊಟ್ಟ ಪ್ರಾಮಾಣಿಕ ಮಿಸ್ತ್ರಿಯ ರೇಟು ಹೆಚ್ಚಾಗಲೇಬೇಕು. ಬಣ್ಣ ಹೊಡೆದವನ ರೇಟು ಅರ್ಧ. ಹೊರಗಿನಿಂದ ಎರಡೂ ಒಂದೇ ಥರ ಮಿಂಚುವಾಗ, “ಅಲ್ಲಿ ಸೋವಿ ಐತೆಲ್ರೀ” ಎಂದು ಗಿರಾಕಿ ಎದ್ದು ಹೋಗುತ್ತಾನೆ. ಕೆಲಸ ಬಲ್ಲವನು ಅಂಗಡಿ ಮುಚ್ಚುತ್ತಾನೆ, ಬಣ್ಣದ ಡಬ್ಬಿಯವನು ಉಳಿಯುತ್ತಾನೆ. ಚೌಕಾಸಿ ಮಾಡುವವರೂ ಇದನ್ನು ಯೋಚಿಸಬೇಡವೇ?

ಕಾರಿಲ್ಲದೆ ಖಾನಾಪುರದ ಬಸ್ಸಿಗೆ ಕಾಯುವವನಿಗೆ ಈ ಉಸಾಬರಿ ಯಾಕೆ ಎನ್ನಬಹುದು. ಅವನ ಮನೆಯಲ್ಲೂ ಒಂದು ಹಳೆಯ ಸ್ಕೂಟರ್ ಇದ್ದೀತು, ರೀವೈಂಡಿಂಗ್ ಮಾಡಿಸಿದ ಪಂಪಿನ ಮೋಟಾರ್ ಇದ್ದೀತು. ಒಳಗೆ ಏನು ಹಾಕಿದ್ದಾರೆಂದು ತಿಳಿಯದೆ ರೊಕ್ಕ ಕೊಡುವ ಕಷ್ಟ ಎಲ್ಲರದೂ ಒಂದೇ.

ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಹಳೆಯದನ್ನು ಬಿಚ್ಚಿ ಕಟ್ಟಿ ಹೊಸದೆಂದು ಮಾರುವುದೂ ಹಾಗೆಯೇ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸು ತೆಗೆದುಕೊಳ್ಳಲು ನಿರಾಕರಿಸುವುದೂ ತಪ್ಪು. 5 ಲಕ್ಷ ರೂಪಾಯಿವರೆಗಿನ ಮಾಲಿನ ಬಗ್ಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಶುಲ್ಕವೂ ಇಲ್ಲ. ಆದರೆ ಕೈಯಲ್ಲಿ ಚೀಟಿಯೇ ಇಲ್ಲದವನು ಆಯೋಗದ ಮುಂದೆ ಏನನ್ನು ತೋರಿಸಿಯಾನು?

ಆದ್ದರಿಂದ ಮಾರುವವರು ‘ರೀಬಿಲ್ಟ್’ ಎಂದು ಒಂದೇ ಪದ ಗೀಚಿ ಕೈ ತೊಳೆದುಕೊಳ್ಳಬಾರದು. ಯಾವ ಸಾಮಾನು ಬದಲಾಯಿತು, ಯಾವುದು ಹಳೆಯದೇ ಉಳಿಯಿತು, ಎಷ್ಟು ದಿನದ ಜವಾಬ್ದಾರಿ ಎಂಬ ಮೂರು ಸಾಲು ಬಿಲ್ಲಿನಲ್ಲಿ ಬರೆಯಲಿ. ಗಿರಾಕಿಯೂ “ಒಳಗ ಏನೇನ್ ಹಾಕೀರಿ? ಹಳೇ ಸಾಮಾನ ತೋರಸ್ರಿ” ಎಂದು ಕೇಳುವ ರೂಢಿ ಮಾಡಿಕೊಳ್ಳಲಿ. ಕೆಲಸ ಮಾಡಿದವನಿಗೆ ಆ ಮೂರು ಸಾಲು ಬರೆಯುವುದು ಕಷ್ಟವಲ್ಲ. ಬಣ್ಣ ಹೊಡೆದವನಿಗೆ ಮಾತ್ರ ಕೈ ನಡುಗೀತು.