ಹತ್ತು ಮನೆಗೂ ಒಂದು ಯೋಜನೆ ಬೇಕು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಗೌಡಲು, ಹಸಲರು, ಮಲೆಕುಡಿಯ ಗಿರಿಜನರ ಬಗ್ಗೆ ಯೋಜನೆಗಳಿಗೇನೂ ಬರವಿಲ್ಲ. ಬರೆಯುವವರು ಮಾತ್ರ ಬೆಂಗಳೂರು, ದೆಹಲಿಯಲ್ಲಿ ಕೂತವರು. ಮುಂದಿನ ಇಪ್ಪತ್ತು ವರ್ಷ ತಮ್ಮ ಊರು ಹೇಗಿರಬೇಕು, ಕಾಡಿನಿಂದ ಏನು ತರಬೇಕು, ಏನು ಬಿಡಬೇಕು, ಮಕ್ಕಳು ಯಾವ ಕಸುಬು ಕಲಿಯಬೇಕು ಎಂಬುದನ್ನು ಈ ಜನರೇ ಕೂತು ಬರೆಯಲಿ, ಸರ್ಕಾರದ ದುಡ್ಡು ಆ ಬರಹದ ಹಿಂದೆ ಬರಲಿ ಎನ್ನುವುದು ನನ್ನ ವಾದ. ಈ ಮಾತು ಎತ್ತಿದ ಕೂಡಲೇ ಸೊಸೈಟಿ ಜಗುಲಿಯಿಂದ ತಾಲ್ಲೂಕು ಕಚೇರಿಯವರೆಗೆ ಕೇಳಿಬರುವ ಆಕ್ಷೇಪಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಎಲ್ಲವೂ ಕೆಟ್ಟ ಮನಸ್ಸಿನಿಂದ ಹುಟ್ಟಿದವಲ್ಲ, ಕೆಲವುಗಳಲ್ಲಿ ಹುರುಳೂ ಇದೆ. ಒಂದೊಂದಾಗಿ ನೋಡೋಣ.

1. "ಇರುವುದೇ ಹತ್ತು ಮನೆ, ಅದಕ್ಕೊಂದು ಬೇರೆ ಯೋಜನೆಯೇ?"

ಹತ್ತೇ ಮನೆ ಇರುವುದರಿಂದಲೇ ಬೇರೆ ಯೋಜನೆ ಬೇಕು. ದೊಡ್ಡ ಯೋಜನೆಗಳ ಅಳತೆಗೆ ಈ ಕಾಲೊನಿಗಳು ಸಿಕ್ಕುವುದೇ ಇಲ್ಲ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ-ಜನ್‌ಮನ್ ಯೋಜನೆ ಅತಿ ದುರ್ಬಲ ಬುಡಕಟ್ಟುಗಳಿಗೆ ಮೀಸಲು. ಆ ಪಟ್ಟಿಯಲ್ಲಿ ಕರ್ನಾಟಕದಿಂದ ಇರುವುದು ಜೇನುಕುರುಬರು ಮತ್ತು ಕೊರಗರು ಮಾತ್ರ. ಹಸಲರ ಮನೆಗೆ ಸೋರುವ ಸೂರಿದ್ದರೂ ಅವರು ಆ ಪಟ್ಟಿಯ ಹೊರಗೆ. ಬುಡಕಟ್ಟು ಗ್ರಾಮಸಭೆಗೆ ಹೆಚ್ಚಿನ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಿಗೆ ಅನ್ವಯಿಸುತ್ತದೆ, ಕರ್ನಾಟಕದಲ್ಲಿ ಅಂಥ ಪ್ರದೇಶವೇ ಇಲ್ಲ. ಕಾಡಿನ ಉತ್ಪನ್ನ ಮಾರಲೆಂದು 2018ರಲ್ಲಿ ಬಂದ ವನಧನ ಕೇಂದ್ರದ ಲೆಕ್ಕ ನೋಡಿ: ಇಪ್ಪತ್ತು ಜನರ ಹದಿನೈದು ಗುಂಪು, ಒಟ್ಟು 300 ಸದಸ್ಯರು. ಛತ್ತೀಸಗಢದ ದೊಡ್ಡ ಹಳ್ಳಿಗಳಿಗೆ ಈ ಲೆಕ್ಕ ಸರಿಯಿರಬಹುದು. ಒಂದು ಗುಡ್ಡಕ್ಕೆ ಎಂಟು ಮನೆ, ಹಳ್ಳ ದಾಟಿದರೆ ಇನ್ನು ಆರು ಮನೆ ಇರುವ ಶೃಂಗೇರಿ ಸೀಮೆಯಲ್ಲಿ 300 ಜನರನ್ನು ಒಂದು ಕಡೆ ಸೇರಿಸುವುದರಲ್ಲೇ ಮಳೆಗಾಲ ಮುಗಿದಿರುತ್ತದೆ.

2. "ಸರ್ಕಾರ ಎಲ್ಲ ಕೊಟ್ಟಿದೆ, ಉಪಯೋಗಿಸಿಕೊಳ್ಳಲು ಬರುವುದಿಲ್ಲ."

ಕೊಟ್ಟಿದೆ, ಸುಳ್ಳಲ್ಲ. ಆಶ್ರಮ ಶಾಲೆಗಳಿವೆ, ಮನೆ ಮಂಜೂರಾತಿ ಇದೆ, ಮಳೆಗಾಲದಲ್ಲಿ ಬೇಳೆ, ಎಣ್ಣೆ, ಬೆಲ್ಲ, ಮೊಟ್ಟೆಯ ಪೌಷ್ಟಿಕ ಆಹಾರವೂ ಬರುತ್ತದೆ. ಅದನ್ನು ನಿಲ್ಲಿಸಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಈ ಆಹಾರ ಮಳೆಗಾಲದಲ್ಲೇ ಏಕೆ ಬೇಕಾಗುತ್ತದೆ? ಆಗ ತೋಟದಲ್ಲಿ ಕೂಲಿ ಕಡಿಮೆ, ಕೈಯಲ್ಲಿ ಕಾಸಿಲ್ಲ.

ಅದೇ ತಿಂಗಳುಗಳಲ್ಲಿ ಕಾಡಿನಲ್ಲಿ ಉಪ್ಪಾಗೆ ಹಣ್ಣಾಗುತ್ತದೆ. ಹಣ್ಣು ಆರಿಸಿ ತಂದು, ಒಡೆದು, ಬೀಜ ಬೇರೆ ಮಾಡಿ, ಸಿಪ್ಪೆಯನ್ನು ಒಣಗಿಸಬೇಕು. ಆಷಾಢದಲ್ಲಿ ಬಿಸಿಲೆಲ್ಲಿ? ಒಲೆಯ ಮೇಲೆ ಅಟ್ಟ ಕಟ್ಟಿ, ಸಿಪ್ಪೆ ಹರಡಿ, ರಾತ್ರಿಯಿಡೀ ಬೆಂಕಿ ಆರದಂತೆ ಸೌದೆ ಒಟ್ಟುತ್ತಿರಬೇಕು. ಹೊಗೆಗೆ ಕಣ್ಣು ಉರಿಯುತ್ತದೆ, ಹಸಿ ಸೌದೆ ಹೊತ್ತುವುದಿಲ್ಲ, ಒಂದು ದಿನ ತಪ್ಪಿದರೆ ಸಿಪ್ಪೆಗೆ ಬೂಸ್ಟು ಹಿಡಿಯುತ್ತದೆ. ಬೂಸ್ಟಿನ ಭಯಕ್ಕೆ ಅರೆ ಒಣಗಿದ ಮಾಲನ್ನೇ ಜೀಪಿನಲ್ಲಿ ಬಂದ ವ್ಯಾಪಾರಿಗೆ ಅವನು ಹೇಳಿದ ದರಕ್ಕೆ ತೂಗಿ ಕೊಡುವುದು ಬಿಟ್ಟರೆ ದಾರಿಯಿಲ್ಲ. ಕಾಲೊನಿಗೊಂದು ಸಾಮೂಹಿಕ ಒಣಗಿಸುವ ಮನೆ, ಕಡಿಮೆ ಸೌದೆ ಬೇಡುವ ಒಲೆ, ಮಾಲನ್ನು ಎರಡು ತಿಂಗಳು ಇಟ್ಟುಕೊಳ್ಳಲು ಒಣ ಗೋದಾಮು, ಅಷ್ಟು ದಿನ ಮನೆ ನಡೆಸಲು ಮುಂಗಡ ಇದ್ದಿದ್ದರೆ ದರ ಹೇಳುವವರು ಇವರೇ ಆಗುತ್ತಿದ್ದರು. ಆಹಾರದ ಕಿಟ್ ಈ ವರ್ಷದ ಹಸಿವನ್ನು ನೋಡಿಕೊಳ್ಳುತ್ತದೆ. ಬರುವ ವರ್ಷ ಕಿಟ್ಟಿಗೆ ಕಾಯದಂತೆ ಮಾಡುವುದು ಯೋಜನೆಯ ಕೆಲಸ, ಅದನ್ನು ಇದುವರೆಗೆ ಯಾರೂ ಕೊಟ್ಟಿಲ್ಲ.

3. "ಹಕ್ಕು ಕೊಟ್ಟರೆ ಕಾಡು ಉಳಿಯುವುದಿಲ್ಲ, ಜಾಗ ನಾಳೆಯೇ ಮಾರಿಕೊಳ್ಳುತ್ತಾರೆ."

ಮೊದಲು ಕಾಯ್ದೆ ಓದಿ. 2006ರ ಅರಣ್ಯ ಹಕ್ಕು ಕಾಯ್ದೆ ಹೊಸ ಒತ್ತುವರಿಗೆ ಬಾಗಿಲು ತೆರೆದಿಲ್ಲ. 2005ರ ಡಿಸೆಂಬರ್ 13ಕ್ಕೆ ಮೊದಲು ಸಾಗುವಳಿಯಲ್ಲಿದ್ದ ಜಾಗ, ಅದೂ ಇದ್ದಷ್ಟೇ, ಎಷ್ಟೇ ಇದ್ದರೂ 4 ಹೆಕ್ಟೇರ್ ಮೀರದಂತೆ. ಹೀಗೆ ಸಿಕ್ಕ ಜಾಗ ಮಕ್ಕಳಿಗೆ ಹೋಗಬಹುದು, ಮಾರಲು ಬರುವುದಿಲ್ಲ, ಪರಭಾರೆಗೆ ಅವಕಾಶವೇ ಇಲ್ಲ. ತೋಟ ಮಾರಿ ಬೆಂಗಳೂರಿನಲ್ಲಿ ಸೈಟು ಕೊಳ್ಳುವ ಸ್ವಾತಂತ್ರ್ಯ ಉಳಿದ ಮಲೆನಾಡಿಗರಿಗಿದೆ, ಗಿರಿಜನರಿಗಿಲ್ಲ.

ಇನ್ನು ಕಾಡಿನ ಮಾತು. ಉಪ್ಪಾಗೆಗೆ ವಿದೇಶದ ಬೇಡಿಕೆ ಬಂದು ದರ ಏರಿದಾಗ ಎಳೆಕಾಯಿಯನ್ನೇ ಕಿತ್ತದ್ದು, ಕೊಂಬೆ ಕಡಿದದ್ದು ನಿಜ. ಏಕೆ ಹಾಗಾಯಿತು? ಕಿರು ಅರಣ್ಯ ಉತ್ಪನ್ನದ ಹಕ್ಕನ್ನು ಟೆಂಡರ್‌ನಲ್ಲಿ ಹಿಡಿದ ಗುತ್ತಿಗೆದಾರನಿಗೆ ಅವಧಿ ಮುಗಿದ ಮೇಲೆ ಮರ ಏನಾದರೇನು? ಮರ ಯಾರದೂ ಅಲ್ಲದಾಗ ನಾನು ಬಿಟ್ಟ ಕಾಯಿ ನಾಳೆ ಇನ್ನೊಬ್ಬನ ಪಾಲು. ಇದೇ ಮರ ನನ್ನ ಮಗಳಿಗೂ ಫಲ ಕೊಡಬೇಕು ಎಂಬ ಖಾತರಿ ಇದ್ದವರು ಹಣ್ಣು ಉದುರುವವರೆಗೆ ಕಾಯುತ್ತಾರೆ. ಸಮುದಾಯಕ್ಕೆ ಕಾಡು ಕಾಯುವ, ನಿರ್ವಹಿಸುವ ಹಕ್ಕನ್ನು ಕಾಯ್ದೆ ಕೊಟ್ಟಿರುವುದು ಇದಕ್ಕೇ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿನ ಸೋಲಿಗರಿಗೆ 2011ರಲ್ಲೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಹುಲಿಯ ಕಾಡಿನಲ್ಲಿ ಆದದ್ದು ತುಂಗೆಯ ದಡದಲ್ಲಿ ಏಕಾಗಬಾರದು?

ಕಾಡಿನ ಕಾಳಜಿಯ ಇನ್ನೊಂದು ಲೆಕ್ಕವೂ ಬಾಕಿ ಇದೆ. ಕುದುರೆಮುಖದಲ್ಲಿ ಗುಡ್ಡ ಬಗೆದು, ಅದಿರನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿದ ಗಣಿಗಾರಿಕೆ ನಿಂತದ್ದು ಸುಪ್ರೀಂ ಕೋರ್ಟ್ ಆದೇಶದ ಮೇಲೆ, 2005ರ ಕೊನೆಗೆ. ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಬಂದದ್ದು 1987ರಲ್ಲಿ. ಅಂದರೆ ಹದಿನೆಂಟು ವರ್ಷ ಉದ್ಯಾನವೂ ಗಣಿಯೂ ಜೊತೆಜೊತೆಗೆ ಬಾಳಿದವು. ಯಂತ್ರಗಳ ಜೊತೆ ಹೊಂದಿಕೊಂಡ ಕಾಡಿಗೆ ನಾಲ್ಕು ಗೌಡಲು ಮನೆಗಳು ಭಾರವಾದದ್ದು ಹೇಗೆ?

4. "ನಾವೂ ಹಕ್ಕುಪತ್ರವಿಲ್ಲದೆ ಬದುಕುತ್ತಿದ್ದೇವೆ, ಅವರಿಗೆ ಮಾತ್ರ ಏಕೆ?"

ಎಲ್ಲ ಆಕ್ಷೇಪಗಳಲ್ಲಿ ಹೆಚ್ಚು ನ್ಯಾಯವಿರುವುದು ಇದರಲ್ಲೇ. ಸೆಕ್ಷನ್ 4, ಡೀಮ್ಡ್ ಫಾರೆಸ್ಟ್, ಸೊಪ್ಪಿನಬೆಟ್ಟ ಎಂದು ಅಲೆದು, ಫಾರಂ 50, 53, 57 ತುಂಬಿ ಸುಸ್ತಾದ ಸಣ್ಣ ರೈತರು ಈ ಮೂರು ತಾಲ್ಲೂಕುಗಳಲ್ಲಿ ತುಂಬಾ ಜನ. ಅವರ ಅಡಿಕೆಗೆ ಹಳದಿ ಎಲೆ ರೋಗ, ಅದು ಸಾಲದೆಂದು ಈಗ ಎಲೆಚುಕ್ಕಿ. ಅರಣ್ಯ ಹಕ್ಕು ಕಾಯ್ದೆ ಅವರನ್ನೂ ಬಿಟ್ಟಿಲ್ಲ. ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸ ತೋರಿಸಬೇಕು. ಇಲ್ಲೇ ಅರ್ಜಿಗಳು ಬಿದ್ದುಹೋಗುತ್ತವೆ, ಕಚೇರಿ ಕಾಗದ ಕೇಳುತ್ತದೆ. ಆದರೆ ನಿಯಮಗಳ ಪ್ರಕಾರ ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷಿ. ಹಳೇ ಬಾವಿ, ಸಮಾಧಿ, ದೇವರ ಬನವೂ ಸಾಕ್ಷಿ. ಚೌಡಿ ಬನಕ್ಕೆ ಪಹಣಿ ಇರುವುದಿಲ್ಲ, ಅಲ್ಲಿ ಪೂಜೆ ಮಾಡುತ್ತ ಬಂದವರು ಯಾರೆಂದು ಊರಿಗೆ ಗೊತ್ತಿರುತ್ತದೆ.

2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕೃತವಾದವರನ್ನು ತೆರವು ಮಾಡಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ತಿಂಗಳ 28ಕ್ಕೆ ತಾನೇ ತಡೆ ಕೊಟ್ಟಿತು. ಆ ಹದಿನೈದು ದಿನ ನಿದ್ದೆಗೆಟ್ಟವರಲ್ಲಿ ಗಿರಿಜನರೂ ಇದ್ದರು, ಅಲ್ಲದವರೂ ಇದ್ದರು. ಒಂದೇ ಕತ್ತಿಯ ಕೆಳಗೆ ಕೂತವರು ಪರಸ್ಪರ ದೂರುವುದರಿಂದ ಯಾರಿಗೆ ಲಾಭ? ಗಿರಿಜನರ ಗ್ರಾಮಸಭೆ ಗಟ್ಟಿಯಾದರೆ ಪಕ್ಕದ ಸಣ್ಣ ರೈತನ ಅರ್ಜಿಗೂ ಅದೇ ಸಭೆ ಆಧಾರ.

5. "ಪ್ಯಾಕೇಜ್ ತೆಗೆದುಕೊಂಡು ಹೊರಗೆ ಬರಲಿ, ಮಕ್ಕಳಾದರೂ ಉದ್ಧಾರವಾದಾವು."

ಬರಲು ಮನಸ್ಸಿರುವವರು ಬರಲಿ, ಅವರನ್ನು ತಡೆಯುವುದೂ ತಪ್ಪೇ. ರಸ್ತೆಯಿಲ್ಲದ ಊರಿನಲ್ಲಿ ಬಾಣಂತಿಯನ್ನು ಹೊತ್ತು ನಡೆದವರಿಗೆ ಕಾಡಿನ ಸೊಬಗಿನ ಪಾಠ ಬೇಡ. ಆದರೆ ಲೆಕ್ಕ ಸರಿಯಿರಲಿ. ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಕುಟುಂಬಕ್ಕೆ 10 ಲಕ್ಷ ಇದ್ದ ಪರಿಹಾರ 2021ರಲ್ಲಿ 15 ಲಕ್ಷಕ್ಕೆ ಏರಿತು. ಕೊಪ್ಪ ಪೇಟೆಯ ಸುತ್ತ ಈ ಹಣಕ್ಕೆ ಒಂದು ಸಂಸಾರ ನಡೆಯುವಷ್ಟು ಫಸಲಿನ ತೋಟ ಸಿಗುತ್ತದೆಯೇ, ಕೇಳಿ ನೋಡಿ. ಸಿಗುವುದು ಒಂದು ಸಣ್ಣ ಮನೆ. ಆಮೇಲೆ ಬೇರೆಯವರ ಎಸ್ಟೇಟಿನಲ್ಲಿ ಕೂಲಿ.

ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೇ ಹೋಲಿಸಿ ನೋಡಲು ಉದಾಹರಣೆ ಇದೆ. ಭದ್ರಾ ಅಭಯಾರಣ್ಯದ ಹಳ್ಳಿಗಳನ್ನು 2001-02ರ ಹೊತ್ತಿಗೆ ತರೀಕೆರೆ ಬಳಿಯ ಎಂ.ಸಿ. ಹಳ್ಳಿಗೆ ಸ್ಥಳಾಂತರಿಸಿದಾಗ ಭೂಮಿಗೆ ಭೂಮಿ ಕೊಟ್ಟರು, ಅದೂ ನೀರಾವರಿ ಭೂಮಿ. ಆ ಪುನರ್ವಸತಿಯನ್ನು ಇಂದಿಗೂ ಮಾದರಿ ಎನ್ನುವುದು ಅದಕ್ಕೇ. ನಗದಿನ ಪ್ಯಾಕೇಜನ್ನು ಅದರ ಹೆಸರಿನಲ್ಲಿ ಮಾರಬಾರದು. ಮೇಲಾಗಿ, ಹಕ್ಕು ತೀರ್ಮಾನವಾಗದೆ, ಗ್ರಾಮಸಭೆ ತಿಳಿದು ಒಪ್ಪದೆ ಸ್ಥಳಾಂತರ ಮಾಡುವಂತಿಲ್ಲ ಎಂದು ಅರಣ್ಯ ಹಕ್ಕು ಕಾಯ್ದೆಯೇ ಹೇಳುತ್ತದೆ. ಹಕ್ಕುಪತ್ರ ಕೊಡದೆ, ಕರೆಂಟು ಎಳೆಯದೆ, ಸೇತುವೆ ಕಟ್ಟದೆ ವರ್ಷಗಟ್ಟಲೆ ಕಾಯಿಸಿ, ಕೊನೆಗೆ ಸಿಕ್ಕ ಸಹಿಯನ್ನು ಒಪ್ಪಿಗೆ ಎನ್ನಲಾಗದು.

6. "ಅವರಿಗೆ ವ್ಯವಹಾರ ಗೊತ್ತಿಲ್ಲ. ಗಿರಿಜನರ ಸೊಸೈಟಿಗಳ ಗತಿ ನೋಡಿದ್ದೇವಲ್ಲ!"

ಗಿರಿಜನರಿಗಾಗಿ ಕಟ್ಟಿದ ಲ್ಯಾಂಪ್ಸ್ ಸಹಕಾರ ಸಂಘಗಳು ಹಲವೆಡೆ ಸೊರಗಿವೆ, ಒಪ್ಪೋಣ. ಮೇಲಿನಿಂದ ಬಂದ ಅಧಿಕಾರಿ ಲೆಕ್ಕ ಬರೆದು, ಸದಸ್ಯರು ಹೆಬ್ಬೆಟ್ಟು ಒತ್ತುವ ಸಂಘ ಸೊರಗದೆ ಇನ್ನೇನಾಗುತ್ತದೆ?

ಈ ಮಾತಾಡುವವರಲ್ಲಿ ಅಡಿಕೆ ಬೆಳೆಗಾರರೇ ಹೆಚ್ಚು. ಅವರಿಗೊಂದು ಪ್ರಶ್ನೆ. ಅವರದೇ ಸಹಕಾರ ಸಂಘ ಮಾಮ್‌ಕೋಸ್ 1939ರಲ್ಲಿ ಏಕೆ ಹುಟ್ಟಿತು? ಬೆಳೆಗಾರನೊಬ್ಬನೇ ಮಂಡಿಯ ಮುಂದೆ ನಿಂತರೆ ದರ ಸಿಗುವುದಿಲ್ಲ ಎಂಬ ಅರಿವಿನಿಂದ. ಸದಸ್ಯತ್ವ, ಮುಂಗಡ, ಗೋದಾಮು, ಗ್ರೇಡಿಂಗು ಎಲ್ಲ ಕಲಿತದ್ದು ಸಂಘ ಕಟ್ಟಿದ ಮೇಲೆ. ಬೆಳೆಗಾರ ಮಾಡಿದರೆ ಸಹಕಾರ, ಹಸಲರು ಕೇಳಿದರೆ ಬಿಟ್ಟಿ ಭಾಗ್ಯ ಎಂದರೆ ಹೇಗೆ?

ದೂರದ ಉದಾಹರಣೆಯೂ ಒಂದಿದೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಮಾವೊರಿ ಬುಡಕಟ್ಟು ನ್ಗಾಯ್ ತಾಹು. ಭೂಮಿ ಕಳೆದುಕೊಂಡ ದೂರನ್ನು ಅವರು 1849ರಲ್ಲಿ ಶುರುಮಾಡಿದರು, ಇತ್ಯರ್ಥವಾದದ್ದು 1998ರಲ್ಲಿ. ಸಿಕ್ಕಿದ್ದು 17 ಕೋಟಿ ನ್ಯೂಜಿಲೆಂಡ್ ಡಾಲರ್, ಕಳೆದುಕೊಂಡದ್ದರ ಒಂದು ಚೂರು. ಅದನ್ನು ಮನೆಮನೆಗೆ ಹಂಚದೆ ಸಮುದಾಯದ ಬಂಡವಾಳವಾಗಿ ಇಟ್ಟುಕೊಂಡರು. 2001ರಲ್ಲಿ, 2025ರ ಹೊತ್ತಿಗೆ ತಾವು ಎಲ್ಲಿರಬೇಕು ಎಂಬ ಯೋಜನೆಯನ್ನು ತಾವೇ ಬರೆದರು. 2006ರಲ್ಲಿ ಉಳಿತಾಯ ಯೋಜನೆ ತಂದರು. ಸದಸ್ಯ ಉಳಿಸಿದ್ದಕ್ಕೆ ಬುಡಕಟ್ಟು ತನ್ನ ಪಾಲು ಸೇರಿಸುತ್ತದೆ, ಓದಿಗೆ, ಮೊದಲ ಮನೆಗೆ, ಮುಪ್ಪಿಗೆ ಅದನ್ನು ಬಳಸಬಹುದು. ಅವರ ಸಂಖ್ಯೆ ದೊಡ್ಡದು, ದುಡ್ಡೂ ದೊಡ್ಡದು, ಅದನ್ನು ಹಾಗೆಯೇ ಬಾಳೆಹೊನ್ನೂರಿಗೆ ತರಲಾಗದು. ತರಬಹುದಾದದ್ದು ಕ್ರಮವನ್ನು: ಮೊದಲು ಹಕ್ಕು, ಆಮೇಲೆ ಯೋಜನೆ, ಆಮೇಲೆ ದುಡ್ಡು. ನಮ್ಮಲ್ಲಿ ದುಡ್ಡು ಮೊದಲು ಬರುತ್ತದೆ, ಮಾರ್ಚ್ ತಿಂಗಳೊಳಗೆ ಖರ್ಚಾಗಬೇಕು, ಯೋಜನೆ ಆಮೇಲೆ ಬರೆದುಕೊಳ್ಳುತ್ತಾರೆ.

7. "ಇದೆಲ್ಲ ನಕ್ಸಲರು ಹೇಳಿಕೊಟ್ಟ ಮಾತು."

ಕುದುರೆಮುಖ ಉದ್ಯಾನದಿಂದ ಒಕ್ಕಲೆಬ್ಬಿಸುವ ಭಯವೇ ಇಲ್ಲಿ ಬಂದೂಕಿಗೆ ಜಾಗ ಮಾಡಿಕೊಟ್ಟದ್ದು. 2005ರ ಫೆಬ್ರವರಿಯಲ್ಲಿ ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಹತರಾದರು. 2025ರ ಜನವರಿಯಲ್ಲಿ ಆರು ಜನ ನಕ್ಸಲರು ಶರಣಾದರು. ಆ ಇಪ್ಪತ್ತು ವರ್ಷ ಗಿರಿಜನರು ಎರಡೂ ಕಡೆಯಿಂದ ವಿಚಾರಣೆಗೆ ಒಳಗಾದರು. ಅನ್ನ ಕೊಟ್ಟಿರೇ ಎಂದು ಪೊಲೀಸರು, ಸುಳಿವು ಕೊಟ್ಟಿರೇ ಎಂದು ನಕ್ಸಲರು. ಈಗ ಬಂದೂಕು ಹೋಗಿದೆ, ಅದರೊಂದಿಗೆ ಈ ನೆಪವೂ ಹೋಗಬೇಕಿತ್ತು. ರಸ್ತೆ, ಶಾಲೆ, ಅಂಗನವಾಡಿ, ಕುಡಿಯುವ ನೀರಿಗೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75 ಮರ ಮೀರದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಕೊಡಬಹುದು ಎನ್ನುವುದು ಸಂಸತ್ತು ಬರೆದ ಅರಣ್ಯ ಹಕ್ಕು ಕಾಯ್ದೆ. ಅದನ್ನು ಜಾರಿ ಮಾಡಿ ಎನ್ನುವುದಕ್ಕಿಂತ ಸಂವಿಧಾನಬದ್ಧ ಬೇಡಿಕೆ ಯಾವುದಿದೆ?

ಹಾಗಾದರೆ ಆಗಬೇಕಾದ್ದೇನು? ಪಂಚಾಯಿತಿ ಕಟ್ಟಡದಲ್ಲಿ ಕೋರಂ ತುಂಬಿಸುವ ಸಭೆ ಸಾಲದು, ಗ್ರಾಮಸಭೆ ಕಾಲೊನಿಯಲ್ಲೇ ಕೂರಬೇಕು, ಹೆಂಗಸರು ಕೂಲಿ ಕಳೆದುಕೊಳ್ಳದ ಹೊತ್ತಿನಲ್ಲಿ. ಬಾಕಿ ಇರುವ ವೈಯಕ್ತಿಕ ಹಕ್ಕಿನ ಅರ್ಜಿಗಳ ಜೊತೆ ಸಮುದಾಯ ಹಕ್ಕಿನ ಅರ್ಜಿಯೂ ಹೋಗಬೇಕು. ಯಾವ ತಿಂಗಳು ಎಷ್ಟು ಕೂಲಿ, ಎಷ್ಟು ಜೇನು, ಎಷ್ಟು ಉಪ್ಪಾಗೆ, ಸೀಗೆ, ಎಷ್ಟು ಸಾಲ ಎಂಬ ಮನೆಲೆಕ್ಕವನ್ನು ಕಾಲೊನಿಯ ಓದಿದ ಹುಡುಗ ಹುಡುಗಿಯರೇ ಬರೆಯಲಿ. ಆ ಲೆಕ್ಕದ ಮೇಲೆ ನಿಂತ ಯೋಜನೆಯನ್ನು ಸಮಗ್ರ ಗಿರಿಜನ ಅಭಿವೃದ್ಧಿ ಕಚೇರಿ ಬಜೆಟ್‌ಗೆ ಮೊದಲೇ ಪಡೆದು, ಯಾವುದಕ್ಕೆ ಹಣವಿದೆ, ಯಾವುದಕ್ಕಿಲ್ಲ, ಏಕಿಲ್ಲ ಎಂದು ಬರಹದಲ್ಲಿ ಉತ್ತರ ಕೊಡಲಿ. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಕಟ್ಟಡ ಬೇಡ, ಟೆಂಡರ್ ಅಂತೂ ಬೇಡವೇ ಬೇಡ. ಇಷ್ಟಾದ ಮೇಲೂ ಆಕ್ಷೇಪ ಉಳಿದವರು ಆ ಸಭೆಗೇ ಬಂದು ಹೇಳಲಿ. ಅಲ್ಲಿ ಉತ್ತರ ಕೊಡಲು ನನ್ನಂಥವರ ಅಗತ್ಯ ಬೀಳುವುದಿಲ್ಲ.