ಬರಿಗಾಲಿನ ಹಿನ್ನೆಲೆ

ಸ್ನೀಕರ್ ಕಂಪನಿಯೊಂದರ ಫೋಟೊ, ವಿಡಿಯೊ ಶೂಟಿಂಗಿಗೆ ನಮ್ಮೂರ ಕಡೆ ಜಾಗ ನೋಡಿಕೊಡುವ ಕೆಲಸ ಒಪ್ಪಿಕೊಂಡಿದ್ದೆ. ಫೆಲೋಶಿಪ್ ಹಣ ತಡವಾಗಿತ್ತು, ಮುಚ್ಚಿಡುವುದೇನಿದೆ. ಉಡಿಗಾಲದ ಆಸುಪಾಸು, ಗುಂಡ್ಲುಪೇಟೆ ದಾರಿಯ ಸೂರ್ಯಕಾಂತಿ ಹೊಲ, ಬೆಳಗಿನ 6 ಗಂಟೆಯ ಬೆಳಕು, ಡ್ರೋನ್, ಮಳೆ ಬಂದರೆ ಬದಲಿ ದಿನ, ಎಲ್ಲವೂ ಪಟ್ಟಿಯಲ್ಲಿತ್ತು. 11ನೇ ಶಾಟ್: 'ಬರಿಗಾಲಿನ ಅಜ್ಜಿ, ಹಿನ್ನೆಲೆಯಲ್ಲಿ, ಮಸುಕಾಗಿ.' ಮುಂದೆ ಬಿಳಿ ಶೂ, ಸ್ಪಷ್ಟವಾಗಿ.

ಮಾಡೆಲ್ಲಿಗೆ, ಡ್ರೋನಿಗೆ, ಮೇಕಪ್ಪಿಗೆ ಬಜೆಟ್ಟಿನಲ್ಲಿ ಸಾಲುಗಳಿದ್ದವು. ಅಜ್ಜಿಗೆ ಇರಲಿಲ್ಲ. ಹೊಲಕ್ಕೂ ಇರಲಿಲ್ಲ. 'ಹಳ್ಳಿಯವರು ಖುಷಿಯಿಂದ ಬಿಡ್ತಾರೆ' ಅಂದರು. ಯಾಕೆ ಬಿಡಬೇಕು ಸ್ವಾಮಿ? ನಿಮಗೆ ಹಿನ್ನೆಲೆಯಾಗಿ ಕಾಣುವ ಹೂವು ರೈತನಿಗೆ ಇನ್ನೂ ಕಾಳು ಕಟ್ಟಬೇಕಾದ ಬೆಳೆ. ಊಟಿಗೆ ಹೋಗುವವರು ಸೆಲ್ಫಿಗೆಂದು ಹೊಲಕ್ಕಿಳಿದು ಗಿಡ ತುಳಿಯುವಾಗ ಗುಂಡ್ಲುಪೇಟೆಯ ರೈತರು ಫೋಟೊಗೆ ಕಾಸು ಕೇಳುತ್ತಾರೆ. ಅದನ್ನು ದುರಾಸೆ ಎನ್ನುವವರು ಸ್ಟುಡಿಯೊ ಬಾಡಿಗೆಯನ್ನು ಏನೆನ್ನುತ್ತಾರೋ!

ಇನ್ನು ಬರಿಗಾಲು. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವವರು ಈ ಸೀಮೆಯಲ್ಲಿದ್ದಾರೆ. ಮೇಲ್ಜಾತಿಯವರ ಬೀದಿಯಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯಬೇಕಾಗಿದ್ದವರೂ ಈ ನಾಡಿನವರೇ. ಎರಡೂ ಒಂದೇ ಬರಿಗಾಲಲ್ಲ. ಹರಳಯ್ಯ, ಕಲ್ಯಾಣಮ್ಮ ಬಸವಣ್ಣನಿಗೆಂದು ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಹೊಲಿದ ಕಥೆ ಕೇಳಿ ಬೆಳೆದವರಿಗೆ, ಕಾಲಿಗೆ ಹಾಕುವುದು ಬರೀ ಸ್ಟೈಲು ಎಂದು ಹೇಳಲು ಬರಬೇಡಿ.

11ನೇ ಶಾಟನ್ನು ಹೊಡೆದುಹಾಕಿದೆ. ಹೊಲಕ್ಕೆ ಬಾಡಿಗೆ, ತುಳಿದ ಗಿಡಕ್ಕೆ ಪರಿಹಾರ, ಕ್ಯಾಮೆರಾ ಮುಂದೆ ಬರುವ ಊರವರಿಗೆ ಕೂಲಿಯಲ್ಲ, ಮಾಡೆಲ್ಲಿಗೆ ಕೊಡುವಷ್ಟೇ ಸಂಭಾವನೆ ಎಂದು ಬರೆದು ಕಳಿಸಿದೆ. ಜಾಗ ಬದಲಾಗಿದೆ ಎಂದು ಉತ್ತರ ಬಂತು. ಮುಂಗಡ ಕೊಟ್ಟಿದ್ದ 2,000 ರೂಪಾಯಿ ವಾಪಸ್ ಕೇಳಿದ್ದಾರೆ.