ದಂತದ ವಳರಿ, ಇರುಳರ ಹಾರೆ

ಚೆನ್ನೈನ ಎಗ್ಮೋರ್ ಮ್ಯೂಸಿಯಂ ಸಂಗ್ರಹದಲ್ಲಿ ತಂಜಾವೂರಿನ ಆಯುಧಶಾಲೆಯಿಂದ ಬಂದ ವಳರಿಗಳಿವೆ. ವಳರಿ ಎಂದರೆ ಬಾಗಿದ ಎಸೆಗೋಲು. ತಮಿಳುನಾಡಿನ ಮರವರ್, ಕಳ್ಳರ್ ಸಮುದಾಯದವರು ಜಿಂಕೆ ಬೇಟೆಗೆ ಬಳಸುತ್ತಿದ್ದುದು. ಬೇಟೆಗಾರನ ಕೈಯಲ್ಲಿ ಮರದ್ದೋ ಕಬ್ಬಿಣದ್ದೋ ಇದ್ದರೆ, ತಂಜಾವೂರಿನವುಗಳಲ್ಲಿ ಕೆಲವು ಆನೆದಂತದವು. ಅಂಥದ್ದನ್ನು ಮುಳ್ಳುಪೊದೆಗೆ ಎಸೆದು, ಆಮೇಲೆ ಹುಡುಕುತ್ತ ಅಲೆದವರು ಯಾರೂ ಇರಲಾರರು. ದುಡಿಯುವ ಆಯುಧವನ್ನು ದುಡಿಮೆಯಿಂದ ಬಿಡಿಸಿ ನೋಡಿ ಸುಖಪಡುವ ಚಪಲ ಇಂದಿನದೇನಲ್ಲ. ಹೋಂಸ್ಟೇ ಗೋಡೆಗೆ ನೇಗಿಲು ತೂಗುಹಾಕುವವರಿಗೆ ಅರಮನೆಯ ಪೂರ್ವಿಕರಿದ್ದಾರೆ.

ಹಳೆಯ ಹತ್ಯಾರಗಳು ಮನಸ್ಸು ಸೆಳೆಯುವುದು ಅವುಗಳ ಸರಳತೆಯಿಂದ ಎನ್ನುವುದು ರೂಢಿಯ ಮಾತು. ನನಗೆ ಒಪ್ಪಿಗೆಯಿಲ್ಲ. 1863ರ ಮೇ 30ರಂದು ಚೆನ್ನೈ ಬಳಿಯ ಪಲ್ಲಾವರಂನಲ್ಲಿ ಆದಿಮಾನವನ ಕೈಗೊಡಲಿಯನ್ನು ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ಮುಂದೆ ಬಳ್ಳಾರಿ ಸೀಮೆಯಲ್ಲೂ ಕಲ್ಲಿನ ಕೊಡಲಿಗಳನ್ನು ಆಯ್ದ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆತನ ಸಂಗ್ರಹ ಇದೇ ಮ್ಯೂಸಿಯಂ ಸೇರಿತು. ಬಳ್ಳಾರಿ ಬಳಿಯ ಸಂಗನಕಲ್ಲಿನ ಕೊಡಲಿ ಯಾವ ಲೆಕ್ಕದಲ್ಲಿ ಸರಳ? ಅಲ್ಲಿನ ಹಿರೇಗುಡ್ಡದ ಡಾಲರೈಟ್ ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಕುಟ್ಟಿ ಕುಟ್ಟಿ ಮೈ ತಿದ್ದಿ, ಕೊನೆಗೆ ಬಂಡೆಗೆ ಉಜ್ಜಿ ಬಾಯಿ ಹರಿತ ಮಾಡಬೇಕು. ಹಾಗೆ ಉಜ್ಜಿದ ತೋಡುಗಳು ಅಲ್ಲಿನ ಬಂಡೆಗಳಲ್ಲಿ ಈಗಲೂ ಇವೆ. ಒಂದು ಪೆಟ್ಟು ಓರೆಯಾದರೆ ಅಷ್ಟೂ ದುಡಿಮೆ ಮಣ್ಣುಪಾಲು.

ಸೆಳೆತ ಇರುವುದು ಇಲ್ಲಿ ಎಂದು ನನಗನ್ನಿಸುತ್ತದೆ: ಹಳೆಯ ಹತ್ಯಾರ ಅರ್ಧ ಮಾತ್ರ, ಉಳಿದರ್ಧ ಹಿಡಿದವನ ಕೈಯಲ್ಲಿರುತ್ತದೆ. ಬಟನ್ ಒತ್ತಿದವರನ್ನೆಲ್ಲ ಡ್ರಿಲ್ ಮಷೀನ್ ಒಂದೇ ಸಮ ಕಾಣುತ್ತದೆ. ಬಾಚಿ ಹಾಗಲ್ಲ, ಪಳಗಿದ ಬಡಗಿ ಯಾರು, ನಿನ್ನೆ ಬಂದ ಹುಡುಗ ಯಾರು ಎಂದು ಒಂದೇ ಏಟಿಗೆ ಹೇಳಿಬಿಡುತ್ತದೆ. ಮಷೀನಿನ ಸಮಾನತೆ ಸಣ್ಣದೇನಲ್ಲ, ನಿಜ. ರುಬ್ಬುಗುಂಡನ್ನು ಹಾಡಿಹೊಗಳುವವರಲ್ಲಿ ದಿನಾ ರುಬ್ಬಿದವರು ಕಡಿಮೆ. ಆದರೆ ಅರ್ಧವನ್ನಷ್ಟೇ ಗೋಡೆಗೆ ಹಾಕಿ ಪೂರ್ತಿ ಉಳಿಸಿಕೊಂಡೆವು ಎಂದುಕೊಳ್ಳುವುದು ಭ್ರಮೆ.

ಉಳಿದರ್ಧ ನೋಡಬೇಕಾದರೆ ಚೆನ್ನೈನಿಂದ ಮಹಾಬಲಿಪುರದ ದಾರಿಯಲ್ಲಿ ವಡನೆಮ್ಮೇಲಿಗೆ ಹೋಗಬೇಕು. 1972ರ ವನ್ಯಜೀವಿ ಕಾಯ್ದೆಯ ನಂತರ ಹಾವಿನ ಚರ್ಮದ ವ್ಯಾಪಾರ ನಿಂತು, ಹಾವು ಹಿಡಿದೇ ಬದುಕುತ್ತಿದ್ದ ಅಲ್ಲಿನ ಇರುಳ ಬುಡಕಟ್ಟಿನವರ ಬದುಕು ಬೀದಿಗೆ ಬಿತ್ತು. 1978ರಲ್ಲಿ ಅವರದೇ ಸಹಕಾರ ಸಂಘ ಹುಟ್ಟಿತು. ಈಗ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳನ್ನು ಜೀವಂತ ಹಿಡಿದು, ಕೆಲವು ವಾರ ಇಟ್ಟುಕೊಂಡು ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಪ್ರತಿವಿಷದ ಔಷಧಿಗೆ ಅದೇ ಕಚ್ಚಾಮಾಲು. ಬೇಟೆಯ ಉದ್ದೇಶ ತಲೆಕೆಳಗಾದರೂ ಹತ್ಯಾರ ಬದಲಾಗಲಿಲ್ಲ: ಒಂದು ಕಬ್ಬಿಣದ ಹಾರೆ. ಬಿಲದ ಬಾಯಿಯಲ್ಲಿ ಹೊಟ್ಟೆ ಹರಿದ ಗುರುತು, ಅಂಟಿಕೊಂಡ ಪೊರೆಯ ಚೂರು, ಇಷ್ಟರಿಂದಲೇ ಒಳಗಿರುವುದು ಯಾವುದು ಎಂದು ಅಂದಾಜು ಮಾಡಿ, ಹಾವಿಗೆ ಪೆಟ್ಟಾಗದಂತೆ ಮಣ್ಣು ಬಿಡಿಸುತ್ತಾರೆ. 2017ರಲ್ಲಿ ಇರುಳರಾದ ಮಾಸಿ ಸಡೈಯನ್, ವಡಿವೇಲ್ ಗೋಪಾಲ್ ಇಬ್ಬರನ್ನೂ ಫ್ಲಾರಿಡಾಕ್ಕೆ ಕರೆಸಿಕೊಂಡರು. ಅಲ್ಲಿನವರನ್ನು ಸತಾಯಿಸುತ್ತಿದ್ದ ಹೆಬ್ಬಾವುಗಳಲ್ಲಿ 13ನ್ನು ಮೊದಲ ಎರಡು ವಾರದೊಳಗೇ ಹಿಡಿದುಕೊಟ್ಟರು. ಹಾರೆ ಅಮೆರಿಕದಲ್ಲೂ ಸಿಗುತ್ತಿತ್ತು, ಸಿಗದಿದ್ದುದು ಆ ಕಣ್ಣು.

2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ಸಂಘ ಎಷ್ಟು ಹಾವು ಹಿಡಿಯಬಹುದು ಎಂಬುದಕ್ಕೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು. ಅದು ತಡವಾದರೆ ಹಾರೆಗೆ ಕೆಲಸವಿಲ್ಲ. ಅಪ್ಪನ ಹಿಂದೆ ಹೋಗಿ ಜಾಡು ಕಲಿಯಬೇಕಾದ ಮಗ ನಗರದಲ್ಲಿ ಕೂಲಿ ಹುಡುಕಿಕೊಳ್ಳುತ್ತಾನೆ.